ಬಂದರಿನ ಬಾಗಿಲಲ್ಲಿ ನಿಂತ ಗುರುದಿತ್ ಸಿಂಗ್

ಪರದೇಶದವರು ತನ್ನ ನೆಲಕ್ಕೆ ಬರುವುದನ್ನು ನಿಯಂತ್ರಿಸುವ ಅಧಿಕಾರ ಒಂದು ಸರ್ಕಾರಕ್ಕೆ ಇದೆಯೇ ಎಂದು ಕೇಳಿದರೆ, ಇದೆ ಎಂದೇ ಬಹುತೇಕರು ಹೇಳುತ್ತಾರೆ. ನಾನೂ ಹಾಗೆಯೇ ಹೇಳುವವನು. ತೊಡಕು ಇರುವುದು ಆ ಅಧಿಕಾರವನ್ನು ಹೇಗೆ ಚಲಾಯಿಸಬೇಕು ಎಂಬಲ್ಲಿ. ಯಾರನ್ನು ತಡೆಯುತ್ತಿದ್ದೇವೆ, ಏಕೆ ತಡೆಯುತ್ತಿದ್ದೇವೆ ಎಂಬುದನ್ನು ಕಾನೂನು ಬಾಯಿಬಿಟ್ಟು ಹೇಳಲಾರದೆ ಹೋದಾಗ ಅದು ಬಳಸುದಾರಿ ಹಿಡಿಯುತ್ತದೆ. ಅಂಥ ಕಾನೂನನ್ನು ಎದುರಿಸಲು ಹೊರಟವನೂ ಬಳಸುದಾರಿಯನ್ನೇ ಹುಡುಕುತ್ತಾನೆ. ಅಮೆರಿಕದಲ್ಲೋ ಯುರೋಪಿನಲ್ಲೋ ಕೆನಡಾದಲ್ಲೋ ವಲಸೆ ನೀತಿಯ ಚರ್ಚೆ ಕಾವೇರಿದಾಗಲೆಲ್ಲ ನನಗೆ ನೆನಪಾಗುವುದು ಬಾಬಾ ಗುರುದಿತ್ ಸಿಂಗ್ ಅವರ ಬದುಕು. ಕೊಮಗಾಟ ಮಾರು ಎಂಬ ಹಡಗಿನ ಹೆಸರನ್ನು ಸ್ವಾತಂತ್ರ್ಯ ಹೋರಾಟದ ಚರಿತ್ರೆಯಲ್ಲಿ ಓದಿದವರು ನಮ್ಮಲ್ಲಿ ಬಹಳ ಮಂದಿ. ಆ ಹಡಗನ್ನು ಬಾಡಿಗೆಗೆ ಹಿಡಿದ ಮನುಷ್ಯನ ಬಗ್ಗೆ ತಿಳಿದವರು ಅಷ್ಟಿಲ್ಲ.

ಗುರುದಿತ್ ಸಿಂಗ್ ಹುಟ್ಟಿದ್ದು 1860ರಲ್ಲಿ, ಪಂಜಾಬಿನ ಅಂದಿನ ಅಮೃತಸರ ಜಿಲ್ಲೆಯ ಸರ್ಹಾಲಿ ಗ್ರಾಮದಲ್ಲಿ. ಅಜ್ಜ ಸಿಖ್ಖರ ಖಾಲ್ಸಾ ಸೈನ್ಯದಲ್ಲಿದ್ದವರು. ತಂದೆ ಬೇಸಾಯಗಾರ, ಅವರು ಬದುಕು ಅರಸಿ ಮಲಯಾಕ್ಕೆ ಹೋದರು. ಮಗನೂ ಅದೇ ಹಾದಿ ಹಿಡಿದು ಮಲಯಾ ಮತ್ತು ಸಿಂಗಪುರಗಳಲ್ಲಿ ಗುತ್ತಿಗೆದಾರನಾಗಿ ದುಡಿದು ಅನುಕೂಲಸ್ಥನಾದರು. ಶಾಲೆಯ ಓದು ಅಲ್ಪ, ಲೋಕಾನುಭವ ಅಪಾರ. ಊರಿಗೆ ಮರಳಿದ ಮೇಲೆ ರೈತರಿಂದ ಸರ್ಕಾರಿ ಅಧಿಕಾರಿಗಳು ಬಿಟ್ಟಿ ಚಾಕರಿ ಮಾಡಿಸಿಕೊಳ್ಳುವುದನ್ನು ಕಂಡು ಪ್ರತಿಭಟಿಸಿದರು. ಇಷ್ಟರ ಹೊರತಾಗಿ 1914ರವರೆಗಿನ ಅವರ ಜೀವನದಲ್ಲಿ ಬಂಡಾಯಗಾರನ ಲಕ್ಷಣಗಳನ್ನು ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ. ಬ್ರಿಟಿಷ್ ಸಾಮ್ರಾಜ್ಯದ ಬಂದರುಗಳ ನಡುವೆ ಓಡಾಡಿ ಹಣ ಗಳಿಸಿದ, ಆ ಸಾಮ್ರಾಜ್ಯ ತನ್ನ ಪ್ರಜೆಗಳಿಗೆ ಕೊಟ್ಟ ಮಾತನ್ನು ನಂಬಿದ್ದ ಒಬ್ಬ ವ್ಯಾಪಾರಿ ಅವರು. ಸಾಮ್ರಾಜ್ಯದ ಯಾವ ಭಾಗಕ್ಕಾದರೂ ಹೋಗುವ ಹಕ್ಕು ಬ್ರಿಟಿಷ್ ಪ್ರಜೆಗೆ ಇದೆ ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು.

ಈ ನಂಬಿಕೆಗೆ ಕೆನಡಾದಲ್ಲಿ ಆಗಲೇ ಬಿರುಕು ಬಿದ್ದಿತ್ತು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಪಂಜಾಬಿನ ರೈತರು, ನಿವೃತ್ತ ಸಿಪಾಯಿಗಳು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಕ್ಕೆ ಹೋಗತೊಡಗಿದರು. ಮರದ ಕಾರ್ಖಾನೆಗಳಲ್ಲಿ, ರೈಲು ಹಳಿ ಹಾಕುವಲ್ಲಿ, ಕಾಡು ಕಡಿಯುವಲ್ಲಿ ಅವರಿಗೆ ಕೆಲಸ ಸಿಗುತ್ತಿತ್ತು. 1908ರ ವೇಳೆಗೆ ಹೀಗೆ ಬಂದವರ ಸಂಖ್ಯೆ ಸುಮಾರು 5,000. ದೊಡ್ಡ ಸಂಖ್ಯೆಯೇನಲ್ಲ. ಆದರೆ ಬಿಳಿಯ ಕಾರ್ಮಿಕರ ಸಂಘಟನೆಗಳಿಗೆ ಕಡಿಮೆ ಕೂಲಿಯ ಪೈಪೋಟಿಯ ಭಯ, ರಾಜಕಾರಣಿಗಳಿಗೆ ಮತದ ಲೆಕ್ಕಾಚಾರ. 1907ರಲ್ಲಿ ಆ ಪ್ರಾಂತ್ಯದ ಶಾಸನಸಭೆ ಭಾರತೀಯರ ಮತದಾನದ ಹಕ್ಕನ್ನು ಕಿತ್ತುಕೊಂಡಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವ್ಯಾಂಕೂವರ್ ನಗರದ ಚೀನೀ ಮತ್ತು ಜಪಾನೀ ಬಡಾವಣೆಗಳ ಮೇಲೆ ಉದ್ರಿಕ್ತ ಗುಂಪು ದಾಳಿ ಮಾಡಿತು. ಏಷ್ಯನ್ನರನ್ನು ತಡೆಯಿರಿ ಎಂಬ ಕೂಗು ರಾಜಧಾನಿ ಒಟ್ಟಾವಾಕ್ಕೆ ಮುಟ್ಟಿತು.

ತಡೆಯುವುದು ಹೇಗೆ? ಕೆನಡಾ ಸರ್ಕಾರದ ಮುಂದಿದ್ದ ಸಮಸ್ಯೆ ಇಲ್ಲಿ ಸ್ವಾರಸ್ಯಕರವಾಗುತ್ತದೆ. ಚೀನೀಯರ ಪರವಾಗಿ ಮಾತನಾಡುವ ಬಲಿಷ್ಠ ಸರ್ಕಾರ ಇರಲಿಲ್ಲವಾದ್ದರಿಂದ ಅವರ ಮೇಲೆ ತಲೆಗಂದಾಯ ಹೇರಲಾಗಿತ್ತು. 1885ರಲ್ಲಿ 50 ಡಾಲರ್ ಇದ್ದ ಆ ಕಂದಾಯ 1903ರ ಹೊತ್ತಿಗೆ 500 ಡಾಲರ್ ಆಗಿತ್ತು. ಜಪಾನ್ ಬ್ರಿಟನ್ನಿನ ಮಿತ್ರರಾಷ್ಟ್ರ. ಅದರ ಜೊತೆ ರಾಜತಾಂತ್ರಿಕ ಒಪ್ಪಂದ ಮಾಡಿಕೊಂಡು, ಹೊರಡುವವರ ಸಂಖ್ಯೆಯನ್ನು ಜಪಾನೇ ಮಿತಿಗೊಳಿಸುವಂತೆ ನೋಡಿಕೊಳ್ಳಲಾಯಿತು. ಭಾರತೀಯರ ವಿಷಯದಲ್ಲಿ ಈ ಎರಡೂ ಉಪಾಯಗಳು ನಡೆಯುವಂತಿರಲಿಲ್ಲ. ಅವರು ಬ್ರಿಟಿಷ್ ಪ್ರಜೆಗಳು. ಅವರ ಜನಾಂಗದ ಹೆಸರೆತ್ತಿ ಬಾಗಿಲು ಮುಚ್ಚಿದರೆ, ಬಣ್ಣಭೇದವಿಲ್ಲವೆಂದು ಸಾರುತ್ತಿದ್ದ ಸಾಮ್ರಾಜ್ಯದ ಬಣ್ಣ ಬಯಲಾಗುತ್ತಿತ್ತು. ಭಾರತದಲ್ಲಿ ಅಸಮಾಧಾನದ ಕಿಚ್ಚಿಗೆ ತುಪ್ಪ ಸುರಿದಂತಾಗುತ್ತಿತ್ತು. ಆಗ ಕಾರ್ಮಿಕ ಇಲಾಖೆಯ ಅಧಿಕಾರಿಯಾಗಿದ್ದ, ಮುಂದೆ ಪ್ರಧಾನಿಯಾದ ಮೆಕೆಂಜಿ ಕಿಂಗ್ ಇದನ್ನು ಚರ್ಚಿಸಲು 1908ರಲ್ಲಿ ಲಂಡನ್ನಿಗೆ ಹೋಗಿ ಬಂದರು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಈ ಇಕ್ಕಟ್ಟಿನಿಂದ ಹುಟ್ಟಿದ್ದೇ ನಿರಂತರ ಪ್ರಯಾಣದ ನಿಯಮ. 1908ರ ಜನವರಿಯಲ್ಲಿ ಹೊರಡಿಸಿದ ಆಜ್ಞೆಯ ಪ್ರಕಾರ, ಹುಟ್ಟಿದ ಅಥವಾ ಪೌರತ್ವ ಪಡೆದ ದೇಶದಿಂದ ನೇರವಾಗಿ, ಒಂದೇ ಟಿಕೆಟಿನಲ್ಲಿ, ಎಲ್ಲಿಯೂ ಪ್ರಯಾಣ ಮುರಿಯದೆ ಬಂದವರಿಗೆ ಮಾತ್ರ ಕೆನಡಾ ಪ್ರವೇಶ. ಆಜ್ಞೆಯಲ್ಲಿ ಭಾರತ ಎಂಬ ಪದವೇ ಇಲ್ಲ. ಆದರೆ ಭಾರತದಿಂದ ಕೆನಡಾಕ್ಕೆ ನೇರ ಹಡಗು ಸಂಚಾರವೂ ಇರಲಿಲ್ಲ. ಅಂಥ ಏರ್ಪಾಡು ಹುಟ್ಟಿಕೊಳ್ಳದಂತೆ ಹಡಗು ಕಂಪನಿಯ ಮೇಲೆ ಸರ್ಕಾರ ಕಣ್ಣಿಟ್ಟಿತ್ತು. ಇದರ ಜೊತೆಗೆ ಏಷ್ಯಾದಿಂದ ಬರುವವರ ಕೈಯಲ್ಲಿ 200 ಡಾಲರ್ ಇರಬೇಕೆಂಬ ಇನ್ನೊಂದು ನಿಯಮ. ದಕ್ಷಿಣ ಆಫ್ರಿಕದ ನೆಟಾಲ್ 1897ರಲ್ಲಿ, ಆಸ್ಟ್ರೇಲಿಯಾ 1901ರಲ್ಲಿ ಯುರೋಪಿನ ಭಾಷೆಯ ಪರೀಕ್ಷೆಯನ್ನು ಮುಂದಿಟ್ಟುಕೊಂಡು ಇದೇ ಕೆಲಸ ಮಾಡಿದ್ದವು. ನೆಟಾಲಿನ ಉಪಾಯವನ್ನು ಗಾಂಧೀಜಿ ಹತ್ತಿರದಿಂದ ಕಂಡಿದ್ದರು.

ಅಂಕಿ ಸಂಖ್ಯೆಯ ದೃಷ್ಟಿಯಿಂದ ನೋಡಿದರೆ ಕೆನಡಾದ ನೀತಿ ಅದ್ಭುತವಾಗಿ ಯಶಸ್ವಿಯಾಯಿತು. ವರ್ಷಕ್ಕೆ ಸಾವಿರಗಟ್ಟಲೆ ಬರುತ್ತಿದ್ದ ಭಾರತೀಯರ ಸಂಖ್ಯೆ ಬೆರಳೆಣಿಕೆಗೆ ಇಳಿಯಿತು. ಆದರೆ ಮೊದಲೇ ಅಲ್ಲಿ ನೆಲೆಸಿದ್ದವರ ಹೆಂಡತಿ ಮಕ್ಕಳಿಗೂ ಆ ಬಾಗಿಲು ಮುಚ್ಚಿಹೋಯಿತು. ಸಾವಿರಾರು ಗಂಡಸರು, ಕೆಲವೇ ಹೆಂಗಸರು ಇರುವ ಒಂದು ವಿಚಿತ್ರ ಸಮುದಾಯ ರೂಪುಗೊಂಡಿತು. ಗುರುದ್ವಾರದಲ್ಲಿ ಸೇರಿದವರ ಮಾತು ನಿಧಾನವಾಗಿ ಅರ್ಜಿ, ಬಿನ್ನಹಗಳಿಂದ ರಾಜಕೀಯದ ಕಡೆಗೆ ಹೊರಳಿತು. ಯಾವ ಅಸಮಾಧಾನಕ್ಕೆ ಹೆದರಿ ನಿಯಮಕ್ಕೆ ಮುಸುಕು ತೊಡಿಸಲಾಗಿತ್ತೋ ಆ ಅಸಮಾಧಾನ ಮುಸುಕಿನೊಳಗೇ ಬೆಳೆಯಿತು.

1913ರ ಕೊನೆಯಲ್ಲಿ ಒಂದು ತಿರುವು. ಪನಾಮ ಮಾರು ಎಂಬ ಹಡಗಿನಲ್ಲಿ ಬಂದಿಳಿದ ಭಾರತೀಯರನ್ನು ಗಡೀಪಾರು ಮಾಡಲು ಹೊರಟಾಗ ಬ್ರಿಟಿಷ್ ಕೊಲಂಬಿಯಾದ ಮುಖ್ಯ ನ್ಯಾಯಾಧೀಶ ಗಾರ್ಡನ್ ಹಂಟರ್, ಸರ್ಕಾರದ ಆಜ್ಞೆಗಳ ಪದಗಳು ಮೂಲ ವಲಸೆ ಕಾಯಿದೆಯ ಪದಗಳಿಗೆ ಹೊಂದುವುದಿಲ್ಲವೆಂಬ ಕಾರಣದಿಂದ ಅವನ್ನು ಅಸಿಂಧುಗೊಳಿಸಿದರು. ಕಾನೂನು ಕುಸಿದದ್ದು ನೀತಿಯ ಪ್ರಶ್ನೆಯಲ್ಲಲ್ಲ, ಕರಡು ಬರೆದವರ ಅಜಾಗರೂಕತೆಯಿಂದ. ಈ ಸುದ್ದಿ ಹಾಂಗ್‌ಕಾಂಗಿಗೆ ಮುಟ್ಟಿದಾಗ ಅಲ್ಲಿ ಗುರುದಿತ್ ಸಿಂಗ್ ಇದ್ದರು. ಕೆನಡಾಕ್ಕೆ ಹೋಗಬೇಕೆಂದು ಊರು ಬಿಟ್ಟು ಬಂದು, ಟಿಕೆಟ್ ಸಿಗದೆ ಅಲ್ಲಿನ ಗುರುದ್ವಾರದಲ್ಲಿ ದಿನ ದೂಡುತ್ತಿದ್ದ ಪಂಜಾಬಿಗಳನ್ನು ಅವರು ಕಂಡರು. ವ್ಯಾಪಾರಿಯ ಬುದ್ಧಿಗೂ ಸ್ವಾಭಿಮಾನಿಯ ಮನಸ್ಸಿಗೂ ಒಂದೇ ಉತ್ತರ ಹೊಳೆಯಿತು: ಹಡಗು ಇಲ್ಲ ಎಂಬುದೇ ತಡೆಯಾದರೆ, ಹಡಗನ್ನೇ ತಂದರಾಯಿತು.

ನಮ್ಮ ಗಾದೆಯಲ್ಲಿ ಹೇಳುವಂತೆ, ಸರ್ಕಾರ ಚಾಪೆಯ ಕೆಳಗೆ ತೂರಿದರೆ ಇವರು ರಂಗೋಲಿಯ ಕೆಳಗೆ ತೂರಲು ಹೊರಟರು. ಆದರೆ ಅಷ್ಟರಲ್ಲಿ ಸರ್ಕಾರವೂ ಸುಮ್ಮನೆ ಕೂತಿರಲಿಲ್ಲ. 1914ರ ಜನವರಿಯಲ್ಲಿ ಆಜ್ಞೆಗಳ ದೋಷ ತಿದ್ದಿ ಹೊಸದಾಗಿ ಹೊರಡಿಸಿತು. ಬ್ರಿಟಿಷ್ ಕೊಲಂಬಿಯಾದ ಬಂದರುಗಳಲ್ಲಿ ಕೂಲಿಗಳು, ಕುಶಲಕರ್ಮಿಗಳು ಇಳಿಯಬಾರದೆಂಬ ಇನ್ನೊಂದು ಆಜ್ಞೆಯೂ ಜಾರಿಯಲ್ಲಿತ್ತು. ಗುರುದಿತ್ ಸಿಂಗ್ ತಿಂಗಳಿಗೆ 11,000 ಹಾಂಗ್‌ಕಾಂಗ್ ಡಾಲರ್ ಬಾಡಿಗೆಗೆ ಆರು ತಿಂಗಳ ಅವಧಿಗೆ ಕೊಮಗಾಟ ಮಾರು ಎಂಬ ಜಪಾನೀ ಹಡಗನ್ನು ಹಿಡಿದರು. ಅದಕ್ಕೆ ಗುರುನಾನಕ್ ಜಹಾಜ್ ಎಂದು ಹೆಸರಿಟ್ಟರು. ಹಾಂಗ್‌ಕಾಂಗಿನ ಪೊಲೀಸರು ಅವರನ್ನು ಬಂಧಿಸಿದರೂ ಹಿಡಿದಿಡುವ ಕಾನೂನು ಕಾರಣ ಸಿಗದೆ ಬಿಟ್ಟರು. 1914ರ ಏಪ್ರಿಲ್ 4ರಂದು 165 ಪ್ರಯಾಣಿಕರೊಂದಿಗೆ ಹೊರಟ ಹಡಗು ಶಾಂಘೈ, ಮೋಜಿ, ಯೊಕೊಹಾಮಗಳಲ್ಲಿ ಇನ್ನಷ್ಟು ಜನರನ್ನು ಹತ್ತಿಸಿಕೊಂಡಿತು. ಮೇ 23ರಂದು ವ್ಯಾಂಕೂವರ್ ಬಂದರು ಸೇರಿದಾಗ ಅದರಲ್ಲಿ 376 ಪ್ರಯಾಣಿಕರಿದ್ದರು. ಹೆಚ್ಚಿನವರು ಸಿಖ್ಖರು, ಉಳಿದವರು ಮುಸ್ಲಿಮರು ಮತ್ತು ಹಿಂದೂಗಳು.

ಗುರುದಿತ್ ಸಿಂಗ್ ಅವರನ್ನು ನಿಸ್ವಾರ್ಥ ದೇಶಭಕ್ತನೆಂದು ಚಿತ್ರಿಸುವವರೂ ಇದ್ದಾರೆ, ಹಣದಾಸೆಯಿಂದ ಬಡವರನ್ನು ಸಂಕಷ್ಟಕ್ಕೆ ದೂಡಿದವನೆಂದು ದೂರಿದವರೂ ಇದ್ದಾರೆ. ಎರಡೂ ಅರ್ಧಸತ್ಯಗಳೆಂದು ನನ್ನ ಅಭಿಪ್ರಾಯ. ಟಿಕೆಟಿನ ಹಣದಿಂದ ಅವರು ಲಾಭ ನಿರೀಕ್ಷಿಸಿದ್ದರು. ಜಪಾನಿನಲ್ಲಿ ಕಲ್ಲಿದ್ದಲು ತುಂಬಿಸಿಕೊಂಡು ವ್ಯಾಂಕೂವರಿನಲ್ಲಿ ಮಾರುವ ಯೋಚನೆಯೂ ಇತ್ತು. ಈ ಯಾನ ಲಾಭ ತಂದರೆ ಇಂಥ ಹಡಗುಗಳನ್ನು ಮತ್ತೆ ಮತ್ತೆ ಓಡಿಸಬಹುದಿತ್ತು. ಅದೇ ಹೊತ್ತಿಗೆ, ಹಡಗು ಭಾರತದಿಂದ ನೇರವಾಗಿ ಹೊರಟದ್ದಲ್ಲವಾದ್ದರಿಂದ ನಿಯಮದ ಅಕ್ಷರವನ್ನು ತಾನು ಪೂರೈಸಿಲ್ಲವೆಂಬುದು ಅವರಿಗೆ ಗೊತ್ತಿರದೇ ಇರಲು ಸಾಧ್ಯವಿಲ್ಲ. ಲಾಭದ ಲೆಕ್ಕ ಮತ್ತು ಹಕ್ಕಿನ ಪ್ರಶ್ನೆ ಒಂದೇ ಹಡಗನ್ನೇರಿದ್ದವು. ವಲಸೆಯ ಚರಿತ್ರೆಯಲ್ಲಿ ಇದು ಅಪರೂಪವಲ್ಲ; ಜನರನ್ನು ಗಡಿ ದಾಟಿಸುವ ಮಧ್ಯವರ್ತಿಗಳು ಹುಟ್ಟುವುದು ಗಡಿ ಬಿಗಿಯಾದಲ್ಲಿಯೇ.

ವ್ಯಾಂಕೂವರಿನ ಎರಡು ತಿಂಗಳು ಅಧಿಕಾರಿಗಳು ಆಡಿದ ಆಟವನ್ನು ಗಮನಿಸಬೇಕು. ವಲಸೆ ಅಧಿಕಾರಿ ಮಾಲ್ಕಂ ರೀಡ್ ಮತ್ತು ಸಂಸತ್ ಸದಸ್ಯ ಸ್ಟೀವನ್ಸ್ ಅವರಿಗೆ ವಿಷಯ ನ್ಯಾಯಾಲಯಕ್ಕೆ ಹೋಗುವುದು ಬೇಕಿರಲಿಲ್ಲ. ಹಂಟರ್ ತೀರ್ಪಿನ ಬಿಸಿ ಇನ್ನೂ ಆರಿರಲಿಲ್ಲ. ಹಾಗಾಗಿ ಹಡಗನ್ನು ದಂಡೆಯಿಂದ ದೂರ ನಿಲ್ಲಿಸಿ, ಕಾವಲು ದೋಣಿಗಳನ್ನು ಬಿಟ್ಟು, ವಿಚಾರಣೆಯನ್ನು ಎಷ್ಟು ಸಾಧ್ಯವೋ ಅಷ್ಟು ನಿಧಾನಗೊಳಿಸಿದರು. ದಿನ ಕಳೆದಂತೆ ಬಾಡಿಗೆಯ ಕಂತು ತುಂಬಲಾಗದೆ ಹಡಗಿನ ಮಾಲೀಕರೇ ಅದನ್ನು ಹಿಂದಕ್ಕೆ ಕರೆಸಿಕೊಳ್ಳುತ್ತಾರೆ ಎಂಬುದು ಎಣಿಕೆ. ಗುರುದಿತ್ ಸಿಂಗ್ ಅವರಿಗೆ ದಡಕ್ಕಿಳಿದು ಕಲ್ಲಿದ್ದಲು ಮಾರಲೂ ಬಿಡಲಿಲ್ಲ. ಹಡಗಿನಲ್ಲಿ ಅನ್ನ, ನೀರಿಗೆ ತತ್ವಾರವಾಯಿತು. ಈ ಲೆಕ್ಕ ತಪ್ಪಿದ್ದು ದಡದಲ್ಲಿದ್ದ ಭಾರತೀಯರಿಂದ. ಹುಸೇನ್ ರಹೀಮ್, ಭಾಗ್ ಸಿಂಗ್, ಬಲವಂತ್ ಸಿಂಗ್ ಮೊದಲಾದವರ ಸಮಿತಿ ಮರದ ಕಾರ್ಖಾನೆಯ ಕೂಲಿಗಳಿಂದ ಹಣ ಕೂಡಿಸಿ ಬಾಡಿಗೆಯ ಕಂತು ಕಟ್ಟಿತು. ಎಡ್ವರ್ಡ್ ಬರ್ಡ್ ಎಂಬ ವಕೀಲರನ್ನು ನೇಮಿಸಿತು.

ಕೊನೆಗೆ ಮುನ್ಷಿ ಸಿಂಗ್ ಎಂಬ ರೈತನ ಪ್ರಕರಣವನ್ನು ಪರೀಕ್ಷಾ ಮೊಕದ್ದಮೆಯಾಗಿ ತೆಗೆದುಕೊಳ್ಳಲಾಯಿತು. ಜುಲೈ 6ರಂದು ಮೇಲ್ಮನವಿ ನ್ಯಾಯಾಲಯ ಸರ್ವಾನುಮತದಿಂದ ಸರ್ಕಾರದ ಪರವಾಗಿ ತೀರ್ಪಿತ್ತಿತು. ಈ ಬಾರಿ ಆಜ್ಞೆಗಳ ಭಾಷೆ ಗಟ್ಟಿಯಾಗಿತ್ತು. ಮೊದಲೇ ಕೆನಡಾದಲ್ಲಿ ನೆಲೆಸಿದ್ದು ಮರಳಿ ಬಂದವರು ಮತ್ತು ಹಡಗಿನ ವೈದ್ಯರ ಕುಟುಂಬ ಸೇರಿ 24 ಮಂದಿಗೆ ಮಾತ್ರ ಇಳಿಯಲು ಅನುಮತಿ ಸಿಕ್ಕಿತು. ಉಳಿದವರು ದಾರಿಗೆ ಬೇಕಾದ ಆಹಾರ ಸಾಮಗ್ರಿ ಸಿಗದೆ ಹೊರಡಲಾರೆವೆಂದು ಪಟ್ಟು ಹಿಡಿದರು. ಜುಲೈ 19ರ ನಸುಕಿನಲ್ಲಿ ನೂರಕ್ಕೂ ಹೆಚ್ಚು ಪೊಲೀಸರು ಸೀ ಲಯನ್ ಎಂಬ ದೋಣಿಯಲ್ಲಿ ಹಡಗನ್ನೇರಲು ಬಂದಾಗ ಪ್ರಯಾಣಿಕರು ಕಲ್ಲಿದ್ದಲಿನ ಹೆಂಟೆಗಳನ್ನು ಎಸೆದು ಹಿಮ್ಮೆಟ್ಟಿಸಿದರು. ಮಾರಲು ತಂದ ಕಲ್ಲಿದ್ದಲು ಹೀಗೆ ಬಳಕೆಯಾಯಿತು. ಆಮೇಲೆ ಬಂದದ್ದು ರೇನ್‌ಬೋ ಎಂಬ ಯುದ್ಧನೌಕೆ. ಅದರ ಫಿರಂಗಿಗಳ ಎದುರು ಮಾತುಕತೆ ನಡೆದು, ಆಹಾರ ಸಾಮಗ್ರಿ ಒದಗಿಸಿದ ಮೇಲೆ, ಜುಲೈ 23ರಂದು ಕೊಮಗಾಟ ಮಾರು 352 ಪ್ರಯಾಣಿಕರೊಂದಿಗೆ ಹಿಂದಿರುಗಿತು.

ಹಡಗು ಪೆಸಿಫಿಕ್ ಸಾಗರದಲ್ಲಿರುವಾಗಲೇ ಮೊದಲನೇ ಮಹಾಯುದ್ಧ ಆರಂಭವಾಯಿತು. ಹಾಂಗ್‌ಕಾಂಗಿನಲ್ಲಿ ಇಳಿಯಲು ಬಿಡಲಿಲ್ಲ, ಸಿಂಗಪುರದಲ್ಲಿಯೂ ಬಿಡಲಿಲ್ಲ. ತಮ್ಮ ಬದುಕು ಕಟ್ಟಿಕೊಂಡಿದ್ದ ಊರುಗಳಿಗೆ ಹೋಗಲಾರದೆ ಎಲ್ಲರೂ ಕಲ್ಕತ್ತೆಯ ಕಡೆಗೆ ಸಾಗಬೇಕಾಯಿತು. ಅಷ್ಟರಲ್ಲಿ ಭಾರತ ಸರ್ಕಾರ, ಹೊರಗಿನಿಂದ ಬರುವ ಯಾರನ್ನಾದರೂ ನಿರ್ಬಂಧದಲ್ಲಿಡುವ ಅಧಿಕಾರ ನೀಡುವ ಸುಗ್ರೀವಾಜ್ಞೆಯನ್ನು ಸೆಪ್ಟೆಂಬರ್ ಮೊದಲ ವಾರದಲ್ಲಿ ಹೊರಡಿಸಿತ್ತು. ಸೆಪ್ಟೆಂಬರ್ 29ರಂದು ಹೂಗ್ಲಿ ನದಿಯ ದಡದ ಬಜ್ ಬಜ್ ಎಂಬಲ್ಲಿ ಅವರನ್ನು ಇಳಿಸಿ, ವಿಶೇಷ ರೈಲಿನಲ್ಲಿ ಪಂಜಾಬಿಗೆ ಸಾಗಿಸಲು ಅಧಿಕಾರಿಗಳು ಮುಂದಾದರು. ಪ್ರಯಾಣಿಕರು ಒಪ್ಪದೆ, ಗುರು ಗ್ರಂಥ ಸಾಹಿಬ್ ಹೊತ್ತು ಕಲ್ಕತ್ತೆಯತ್ತ ನಡೆದರು. ಅವರನ್ನು ಹಿಂದಕ್ಕೆ ಕರೆತಂದಾಗ ರೈಲು ನಿಲ್ದಾಣದ ಬಳಿ ಘರ್ಷಣೆಯಾಗಿ ಗುಂಡು ಹಾರಿತು. ಸುಮಾರು ಇಪ್ಪತ್ತು ಪ್ರಯಾಣಿಕರು ಪ್ರಾಣ ಕಳೆದುಕೊಂಡರು. ಎದುರು ಪಕ್ಷದಲ್ಲಿಯೂ ಸಾವುಗಳಾದವು. ಇನ್ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. ಪರದೇಶದ ಬಾಗಿಲಲ್ಲಿ ಸಾಯದೆ ಉಳಿದವರು ತಾಯ್ನಾಡಿನ ಬಾಗಿಲಲ್ಲಿ ಸತ್ತರು.

ಗುರುದಿತ್ ಸಿಂಗ್ ಆ ಗದ್ದಲದಲ್ಲಿ ತಪ್ಪಿಸಿಕೊಂಡರು. ಐವತ್ತು ದಾಟಿದ್ದ ಆ ಮನುಷ್ಯ ಮುಂದಿನ ಏಳು ವರ್ಷ ವೇಷ ಮರೆಸಿಕೊಂಡು ಊರೂರು ಅಲೆದರು. 1921ರ ನವೆಂಬರ್‌ನಲ್ಲಿ, ಗಾಂಧೀಜಿಯ ಸಲಹೆಯಂತೆ, ಗುರುನಾನಕರ ಜನ್ಮಸ್ಥಳವಾದ ನನಕಾನಾ ಸಾಹಿಬ್‌ನಲ್ಲಿ ಸಹಸ್ರಾರು ಜನರ ಎದುರು ಪೊಲೀಸರಿಗೆ ತಾವಾಗಿ ಶರಣಾದರು. ಕೆಲವು ತಿಂಗಳಲ್ಲಿ ಬಿಡುಗಡೆಯಾದರೂ, ರಾಜದ್ರೋಹದ ಆರೋಪದ ಮೇಲೆ ಮತ್ತೆ ಬಂಧಿತರಾಗಿ ಐದು ವರ್ಷದ ಸಜೆ ಅನುಭವಿಸಿದರು. ಸಾಮ್ರಾಜ್ಯದ ಮಾತನ್ನು ನಂಬಿ ಹಡಗು ಹಿಡಿದ ವ್ಯಾಪಾರಿಯನ್ನು ರಾಜದ್ರೋಹಿಯಾಗಿಸಿದ್ದು ಯಾವ ಕ್ರಾಂತಿಕಾರಿ ಗ್ರಂಥವೂ ಅಲ್ಲ, ಒಂದು ವಲಸೆ ನಿಯಮ. ಮುಂದೆ ಅವರು ಆ ಯಾನದ ಕಥನವನ್ನು ಪುಸ್ತಕವಾಗಿ ಬರೆದು ಪ್ರಕಟಿಸಿದರು. 1937ರ ಪಂಜಾಬ್ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತು, ಆಗ ಅಕಾಲಿ ಪಕ್ಷದಲ್ಲಿದ್ದ ಪ್ರತಾಪ್ ಸಿಂಗ್ ಕೈರೋನ್ ಎದುರು ಸೋತರು. 1952ರಲ್ಲಿ ಜವಾಹರಲಾಲ್ ನೆಹರೂ ಬಜ್ ಬಜ್‌ನಲ್ಲಿ ಹುತಾತ್ಮರ ಸ್ಮಾರಕವನ್ನು ಉದ್ಘಾಟಿಸಿದರು. 1954ರ ಜುಲೈ 24ರಂದು ಅಮೃತಸರದಲ್ಲಿ ಗುರುದಿತ್ ಸಿಂಗ್ ತೀರಿಕೊಂಡರು.

ಈಗ ಲಾಭನಷ್ಟದ ಲೆಕ್ಕ ಹಾಕೋಣ. ಒಂದು ಹಡಗನ್ನು ಹಿಂದಕ್ಕೆ ಕಳಿಸುವಲ್ಲಿ ಕೆನಡಾ ಗೆದ್ದಿತು. ಆದರೆ ವ್ಯಾಂಕೂವರಿನ ಭಾರತೀಯರ ನಡುವೆ ಬೇಹುಗಾರರನ್ನು ಬಿಟ್ಟಿದ್ದ ಹಾಪ್‌ಕಿನ್‌ಸನ್ ಎಂಬ ವಲಸೆ ಅಧಿಕಾರಿ 1914ರ ಅಕ್ಟೋಬರ್‌ನಲ್ಲಿ ನ್ಯಾಯಾಲಯದ ಆವರಣದಲ್ಲಿಯೇ ಗುಂಡಿಗೆ ಬಲಿಯಾದ. ಕೊಂದ ಮೇವಾ ಸಿಂಗ್ ಮರುವರ್ಷದ ಜನವರಿಯಲ್ಲಿ ಗಲ್ಲಿಗೇರಿದರು. ಗದರ್ ಪಕ್ಷದ ಪ್ರಚಾರಕ್ಕೆ ಕೊಮಗಾಟ ಮಾರುವಿಗಿಂತ ಪ್ರಬಲವಾದ ನಿದರ್ಶನ ಬೇಕಿರಲಿಲ್ಲ. ಲಂಡನ್ ಮತ್ತು ದೆಹಲಿಯಲ್ಲಿದ್ದವರು ಯಾವ ರಾಜಕೀಯ ಪರಿಣಾಮ ತಪ್ಪಿಸಲೆಂದು ನಿಯಮವನ್ನು ತಟಸ್ಥವಾದ ಮಾತುಗಳಲ್ಲಿ ಬರೆಯಿರೆಂದು ಬಯಸಿದ್ದರೋ ಆ ಪರಿಣಾಮ ಇಮ್ಮಡಿಯಾಗಿ ಬಂದೆರಗಿತು. 1918ರಲ್ಲಿ ಸಾಮ್ರಾಜ್ಯದ ಸಮ್ಮೇಳನವೇ, ತನ್ನ ಜನಸಂಖ್ಯೆ ಹೇಗಿರಬೇಕೆಂದು ನಿರ್ಧರಿಸುವ ಹಕ್ಕು ಆಯಾ ದೇಶಕ್ಕಿದೆ ಎಂದು ಬಹಿರಂಗವಾಗಿ ಒಪ್ಪಿಕೊಂಡಿತು. ನೆಲೆಸಿದವರ ಹೆಂಡತಿ ಮಕ್ಕಳನ್ನು ಬಿಡಬೇಕೆಂಬ ಮಾತೂ ಆಗ ಬಂತು. ಹತ್ತು ವರ್ಷ ಮೊದಲೇ ಇಷ್ಟು ನೇರವಾಗಿ ಮಾತನಾಡಿದ್ದರೆ ಅನ್ಯಾಯ ತಪ್ಪುತ್ತಿರಲಿಲ್ಲ, ನಿಜ. ಆದರೆ ಅನ್ಯಾಯದೊಂದಿಗೆ ವಂಚನೆಯೂ ಸೇರುತ್ತಿರಲಿಲ್ಲ. ಎದುರಿಸುವವರಿಗೆ ತಾವು ಏನನ್ನು ಎದುರಿಸುತ್ತಿದ್ದೇವೆಂಬುದಾದರೂ ಸ್ಪಷ್ಟವಾಗುತ್ತಿತ್ತು.

ನಿರಂತರ ಪ್ರಯಾಣದ ನಿಯಮ ರದ್ದಾದದ್ದು 1947ರಲ್ಲಿ. ಅದೇ ವರ್ಷ ಬ್ರಿಟಿಷ್ ಕೊಲಂಬಿಯಾದ ಭಾರತೀಯರಿಗೆ ಮತದಾನದ ಹಕ್ಕು ಮರಳಿತು. 1951ರಲ್ಲಿ ಭಾರತಕ್ಕೆ ವರ್ಷಕ್ಕೆ 150 ಮಂದಿಯ ಕೋಟಾ ಸಿಕ್ಕಿತು. 1967ರಲ್ಲಿ ವಿದ್ಯೆ, ವಯಸ್ಸು, ಭಾಷಾಜ್ಞಾನ, ಕೌಶಲಗಳಿಗೆ ಅಂಕ ಕೊಡುವ ಪದ್ಧತಿ ಬಂತು. ಬೆಂಗಳೂರು, ಮೈಸೂರುಗಳ ಎಷ್ಟೋ ಎಂಜಿನಿಯರುಗಳು ಟೊರಾಂಟೊ, ವ್ಯಾಂಕೂವರ್ ಸೇರಿದ್ದು ಈ ಅಂಕಗಳ ಏಣಿ ಹತ್ತಿಯೇ. 2016ರ ಮೇ 18ರಂದು ಪ್ರಧಾನಿ ಜಸ್ಟಿನ್ ಟ್ರುಡೊ ಕೊಮಗಾಟ ಮಾರು ಘಟನೆಗಾಗಿ ಸಂಸತ್ತಿನಲ್ಲಿ ಕ್ಷಮೆ ಕೋರಿದರು. ಅದೇ ಟ್ರುಡೊ ಸರ್ಕಾರ 2024ರಲ್ಲಿ, ಮನೆ ಬಾಡಿಗೆ ಮತ್ತು ಸಾರ್ವಜನಿಕ ಸೇವೆಗಳ ಮೇಲಿನ ಒತ್ತಡದ ಹಿನ್ನೆಲೆಯಲ್ಲಿ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿತು. 2025ರಲ್ಲಿ ಕಾಯಂ ವಲಸೆಗೆ ನಿಗದಿಯಾಗಿದ್ದ 5 ಲಕ್ಷದ ಗುರಿಯನ್ನು 3,95,000ಕ್ಕೆ ಇಳಿಸಿತು. ಇದರಿಂದ ನಮ್ಮ ಮಕ್ಕಳಿಗೆ ತೊಂದರೆಯಾಗಿದೆ. ಆದರೂ 1908ರ ಆಜ್ಞೆಗೂ ಇದಕ್ಕೂ ವ್ಯತ್ಯಾಸವಿದೆ. ಎಷ್ಟು ಜನ, ಯಾವ ಕಾರಣಕ್ಕೆ ಎಂಬುದನ್ನು ಇಲ್ಲಿ ಬಹಿರಂಗವಾಗಿ ಹೇಳಲಾಗಿದೆ. ಹೇಳಿದ್ದನ್ನು ಪ್ರಶ್ನಿಸಬಹುದು, ಚುನಾವಣೆಯಲ್ಲಿ ಬದಲಿಸಬಹುದು.

ಕೊಮಗಾಟ ಮಾರು ಎಂದಾಕ್ಷಣ ನಾವು ಭಾರತೀಯರು ಹಡಗಿನೊಳಗಿನವರ ಜಾಗದಲ್ಲಿ ನಿಂತು ನೋಡುತ್ತೇವೆ, ಅದು ಸಹಜ. ಆದರೆ ಈಗ ಬಾಗಿಲು ಕಾಯುವ ಕೆಲಸ ನಮ್ಮದೂ ಆಗಿದೆ. ಅಸ್ಸಾಮಿನಲ್ಲಿ ಅಕ್ರಮ ವಲಸಿಗರನ್ನು ಪತ್ತೆ ಹಚ್ಚಲೆಂದು 1983ರಲ್ಲಿ ಮಾಡಿದ ಕಾಯಿದೆ ಪತ್ತೆಯನ್ನೇ ದುಸ್ತರಗೊಳಿಸಿತೆಂದು ಸುಪ್ರೀಂ ಕೋರ್ಟ್ 2005ರಲ್ಲಿ ಅದನ್ನು ರದ್ದುಗೊಳಿಸಿತು. 2019ರಲ್ಲಿ ಪ್ರಕಟವಾದ ಅಲ್ಲಿನ ಪೌರತ್ವ ನೋಂದಣಿಯ ಅಂತಿಮ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಹಳೆಯ ಜಮೀನು ಪತ್ರ, ಮತದಾರರ ಪಟ್ಟಿಯಲ್ಲಿನ ಹೆಸರಿನ ಕಾಗುಣಿತ ಇಂಥವು ಬಡವರ ಪಾಲಿಗೆ ನಿರಂತರ ಪ್ರಯಾಣದ ನಿಯಮದಷ್ಟೇ ದುಸ್ತರವಾಗಬಲ್ಲವು. ಗಡಿ ಕಾಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಪೂರೈಸಲು ಸಾಧ್ಯವಿಲ್ಲದ ಷರತ್ತನ್ನು ಮುಂದಿಟ್ಟು, ಪೂರೈಸದವರನ್ನು ಅಪರಾಧಿಗಳೆನ್ನುವುದು ಗಡಿ ಕಾಯುವ ರೀತಿಯಲ್ಲ. ಗುರುದಿತ್ ಸಿಂಗ್ ಅವರಿಗೆ ಒಟ್ಟಾವಾದ ಸರ್ಕಾರ ಹಾಕಿದ್ದು ಅಂಥ ಷರತ್ತು. ನಮ್ಮ ಸರ್ಕಾರಗಳು ಯಾರಿಗೆ ಯಾವ ಷರತ್ತು ಹಾಕುತ್ತಿವೆ, ಅದನ್ನು ಪೂರೈಸುವ ದಾರಿ ನಿಜವಾಗಿಯೂ ತೆರೆದಿದೆಯೇ ಎಂದು ಕೇಳುವ ಜವಾಬ್ದಾರಿ ಆ ಹಡಗಿನ ಕಥೆಯನ್ನು ತಮ್ಮದೆಂದು ಹೇಳಿಕೊಳ್ಳುವ ನಮ್ಮ ಮೇಲೆ ಇತರರಿಗಿಂತ ಹೆಚ್ಚಾಗಿಯೇ ಇದೆ.